ಸಂಬಂಧಿಕರಿಗೆ ಜಾಗವಿಲ್ಲ

ನಮ್ಮ ಮನೆಯ ಗೇಟಿನ ಹೊರಗೆ ನಿಂತು ಒಬ್ಬ ತರುಣ ದಾಸವಾಳದ ಗಿಡಕ್ಕೆ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದ.

“ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸಬ್ಮಿಟ್...” ಎಂದ, ತಡವರಿಸಿದ, ಕೋಟಿನ ಗುಂಡಿ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ. ಹೂ ಕೊಯ್ಯಲು ಬಂದ ನಾನು ಗಿಡದ ಈಚೆಗೆ ನಗು ತಡೆದುಕೊಂಡು ನಿಂತಿದ್ದೆ. ಎಷ್ಟು ಹೊತ್ತು ಅಂತ ತಡೆಯುವುದು?

“ಅದಕ್ಕೆ ಇಂಗ್ಲಿಷ್ ಬರೂದಿಲ್ಲ. ಕನ್ನಡದಲ್ಲಿ ಕೇಳಿ ನೋಡಿ” ಎಂದೆ.

ಬೇರೆ ಯಾರಾದರೂ ಆಗಿದ್ದರೆ ನಾಚಿ ಓಡುತ್ತಿದ್ದರು. ಇವನು ಎಲೆಗಳನ್ನು ಸರಿಸಿ ನನ್ನನ್ನೇ ನೋಡಿದ. “ಕನ್ನಡದಲ್ಲಿ ಕೇಳಿದ್ರೆ ಕೆಲಸ ಕೊಡ್ತದಾ?”

ಅಬ್ಬಾ, ಆ ಕಣ್ಣುಗಳೇ! ಹೆದರಿಕೆಯೆಲ್ಲ ಕೋಟಿನಲ್ಲಿತ್ತು, ಕಣ್ಣಿನಲ್ಲಿ ಒಂದಿಷ್ಟೂ ಇರಲಿಲ್ಲ.

ಅದು ಸಾವಿರದ ಒಂಬೈನೂರ ಐವತ್ತೈದು. ನಮ್ಮ ದಕ್ಷಿಣ ಕನ್ನಡ ಇನ್ನೂ ಮದರಾಸಿಗೇ ಸೇರಿದ್ದ ಕಾಲ. ಉಡುಪಿ, ಕುಂದಾಪುರದ ಜಗಳಗಳೆಲ್ಲ ಅಪೀಲಿಗೆ ಇಲ್ಲಿನ ಮದರಾಸು ಹೈಕೋರ್ಟಿಗೇ ಬರುತ್ತಿದ್ದವು. ಹಾಗೆ ಬಂದವರಲ್ಲಿ ಹೆಚ್ಚಿನವರು ರೈಲಿಳಿದು ನೇರ ಮೈಲಾಪುರದ ನಮ್ಮ ಜಗಲಿಗೇ ಬರುತ್ತಿದ್ದರು. ನನ್ನ ಅಪ್ಪ, ವಕೀಲ ರಘುರಾಮ ರಾಯರು, ಆ ವರ್ಷ ತಮ್ಮ ಆಫೀಸಿಗೆ ಒಬ್ಬ ಅಪ್ರೆಂಟಿಸನ್ನು ಹುಡುಕುತ್ತಿದ್ದರು. ಬಿ.ಎಲ್. ಪಾಸಾದರೆ ಸಾಲದು, ಸೀನಿಯರ್ ಒಬ್ಬರ ಕೈಕೆಳಗೆ ಒಂದು ವರ್ಷ ಪಳಗದೆ ಯಾರಿಗೂ ಕರಿ ಗೌನು ಸಿಗುತ್ತಿರಲಿಲ್ಲ.

ಅವನ ಹೆಸರು ಕಮಲಾಕರ. ತ್ರಿಪ್ಲಿಕೇನಿನಲ್ಲಿ ಸೋದರಮಾವನ ಹೋಟೆಲು.

“ಎರಡು ಕಡೆ ಇಂಟರ್ವ್ಯೂ ಆಯ್ತು” ಎಂದ. “ಒಬ್ಬರು, ನಿನ್ನ ತಂದೆ ಎಲ್ಲಿ ಪ್ರಾಕ್ಟೀಸ್ ಮಾಡೂದು ಅಂತ ಕೇಳಿದ್ರು. ಅಡುಗೆ ಮನೆಯಲ್ಲಿ ಅಂದೆ. ಅಲ್ಲಿಗೆ ಮುಗೀತು. ಇನ್ನೊಬ್ಬರು ನನ್ನ ಇಂಗ್ಲಿಷ್ ಕೇಳಿ ಕಾಫಿ ಕೊಟ್ಟು ಕಳಿಸಿದ್ರು. ಇಲ್ಲೂ ಆಗದಿದ್ರೆ ಮಾವ ಗಲ್ಲಾದಲ್ಲಿ ಕೂರಿಸ್ತಾರೆ. ಒಮ್ಮೆ ಕೂತ್ರೆ ನಾನು ಮತ್ತೆ ಏಳೂದಿಲ್ಲ, ಗೊತ್ತುಂಟು ನನಗೆ.”

ಕೊನೆಯ ಮಾತನ್ನು ಅವನು ನಗುತ್ತಲೇ ಹೇಳಿದ, ನನಗೆ ಮಾತ್ರ ನಗು ಬರಲಿಲ್ಲ.

“ನೋಡಿ, ನನ್ನಪ್ಪನ ಹತ್ತಿರ ಬೆಗ್ಗು ಗಿಗ್ಗು ಅಂದ್ರೆ ಅಲ್ಲೇ ನಿಲ್ಲಿಸ್ತಾರೆ” ಎಂದೆ. “ಅವರ ಇಂಟರ್ವ್ಯೂನೇ ಬೇರೆ.”

ಬೇರೆಯೆಂದರೆ ಬೇರೆಯೇ. ಅಪ್ಪ ತೀರ್ಪಾಗಿ ಮುಗಿದ ಯಾವುದೋ ಹಳೆಯ ಕೇಸಿನ ಕಟ್ಟು ಕೊಟ್ಟು ಓದಿಸುತ್ತಿದ್ದರು. ಬಂದವನು ಅದನ್ನು ಅಪ್ಪನಿಗಲ್ಲ, ಅಪ್ಪನ ಅಕ್ಕನಿಗೆ, ನಮ್ಮ ಅಕ್ಕು ಅತ್ತೆಗೆ, ಕನ್ನಡದಲ್ಲಿ ಹೇಳಬೇಕು. ಅತ್ತೆ ಕೋರ್ಟಿನ ಮೆಟ್ಟಿಲು ಕಂಡವರಲ್ಲ. ಊರಿಂದ ಬಂದ ಕಕ್ಷಿದಾರನಿಗೆ ಅರ್ಥ ಮಾಡಿಸಲಾಗದವನು ಜಡ್ಜಿಗೆ ಏನು ಅರ್ಥ ಮಾಡಿಸಿಯಾನು ಎಂಬುದು ಅಪ್ಪನ ವಾದ. ಅಲ್ಲಿಯವರೆಗೆ ಬಂದವರೆಲ್ಲ ಸೆಕ್ಷನ್ನುಗಳ ಹೆಸರು ಹೇಳಿ ಹೇಳಿ ಅತ್ತೆಯನ್ನು ಚೆನ್ನಾಗಿ ನಿದ್ದೆ ಮಾಡಿಸಿ ಹೋಗಿದ್ದರು.

“ನೀವು ಕಲಿಸ್ತೀರಾ?” ಎಂದು ಕೇಳಿದ.

“ನಾನ್ಯಾಕೆ ಕಲಿಸ್ಲಿ?”

“ಈ ಗಿಡಕ್ಕಿಂತ ನೀವು ಚೆನ್ನಾಗಿ ಮಾತಾಡ್ತೀರಿ.”

ಅಂದು ಅವನು ಅಪ್ಪನನ್ನು ಕಾಣದೆಯೇ ಹಿಂತಿರುಗಿದ. ನಾನು ಆಗ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಕಾಲೇಜು ಬಿಟ್ಟು ರಸ್ತೆ ದಾಟಿದರೆ ಮರೀನಾ ಬೀಚು. ಪಾಠ ಅಲ್ಲಿಯೇ ನಡೆಯಿತು. ನನ್ನ ಗೆಳತಿ ಸುಮತಿ ಕಾವಲಿಗೆ ಬರುತ್ತಿದ್ದಳು. ಅವಳ ಕಾವಲೆಂದರೆ ನಮಗೆ ಬೆನ್ನು ಹಾಕಿ ಕೂತು ಬೇಯಿಸಿದ ಕಡಲೆಯ ಸುಂಡಲ್ ತಿನ್ನುವುದು.

ನಾನು ಅಕ್ಕು ಅತ್ತೆಯಾಗಿ ಕಾಲು ಚಾಚಿ ಕೂತು, ಇಲ್ಲದ ಎಲೆಗೆ ಇಲ್ಲದ ಸುಣ್ಣ ಹಚ್ಚುತ್ತಿದ್ದೆ. ಅವನು ಕೇಸು ಹೇಳಬೇಕು.

“ಅಯ್ಯೋ, ತಾರೀಕಿನಿಂದ ಶುರುಮಾಡ್ತಾರಾ ಯಾರಾದ್ರೂ? ಚುಮ್ಮಾ ತಲೆ ತಿನ್ನಬೇಡಿ” ಎಂದು ಗದರುತ್ತಿದ್ದೆ. “ಯಾವ ಕೇಸು ಕೊಟ್ರೂ ಅದ್ರಲ್ಲಿ ಒಬ್ಳು ಹೆಂಗಸು ಇದ್ದೇ ಇರ್ತಾಳೆ. ಅವಳನ್ನು ಹುಡುಕಿ. ಅವಳಿಂದ ಶುರುಮಾಡಿ. ಅತ್ತೆ ಕಿವಿ ಕೊಡದಿದ್ರೆ ಕೇಳಿ!” ಎಂದು ಎಡಗೈ ಮೇಲೆ ಬಲಗೈ ತಟ್ಟಿ, “ಮುಗೀತು!” ಎನ್ನುತ್ತಿದ್ದೆ. ಅದು ನನ್ನ ಅಭ್ಯಾಸ. ಊಟದ ಹೊತ್ತಿನಲ್ಲಿ ಅಪ್ಪನ ಜೊತೆ ವಾದ ಮಾಡುವಾಗಲೂ ಹಾಗೆಯೇ.

“ನಿಮ್ಮ ಕನ್ನಡದಲ್ಲಿ ಕನ್ನಡ ಎಷ್ಟುಂಟು, ತಮಿಳು ಎಷ್ಟುಂಟು?” ಎಂದು ಅವನು ಕೆಣಕುತ್ತಿದ್ದ.

“ಕೆಲಸ ಬೇಕಾ, ಲೆಕ್ಕ ಬೇಕಾ?”

“ಎರಡೂ ಬೇಡ. ಇನ್ನೊಮ್ಮೆ ಹಾಗೆ ಸಿಟ್ಟು ಮಾಡಿ. ನೋಡ್ಲಿಕ್ಕೆ ಚೆಂದ ಉಂಟು.”

ನಾನು ಸಮುದ್ರದ ಕಡೆ ಮುಖ ತಿರುಗಿಸಿದೆ. ಗಾಳಿಗೆ ಮುಂಗುರುಳು ಕಣ್ಣಿಗೆ ಬಿತ್ತು. ಅವನ ಕೈ ಅರ್ಧದವರೆಗೆ ಎದ್ದು, ಸುಮತಿಯ ಬೆನ್ನು ನೋಡಿ, ಮತ್ತೆ ಮರಳಿನ ಮೇಲೆ ಕೂತಿತು. ಆ ಮುಟ್ಟದ ಕೈಗೆ ನಾನು ಮನಸೋತೆ. ಯಾಕೆ ಮುಚ್ಚಿಡಲಿ?

ಮನಸೋತ ದಿನವೇ ಇನ್ನೊಂದು ಸಂಗತಿಯೂ ನೆನಪಾಯಿತು. ಅಪ್ಪನದೊಂದು ನಿಯಮವಿತ್ತು: ಆಫೀಸಿನಲ್ಲಿ ಸಂಬಂಧಿಕರಿಗೆ ಜಾಗವಿಲ್ಲ. ಹಿಂದೊಮ್ಮೆ ದೊಡ್ಡಪ್ಪನ ಮಗನನ್ನು ಜೂನಿಯರ್ ಮಾಡಿಕೊಂಡು, ಗದರಿಸಲೂ ಆಗದೆ ಬಿಡಿಸಲೂ ಆಗದೆ ಒದ್ದಾಡಿ ಮಾಡಿಕೊಂಡ ನಿಯಮ. ಆಫೀಸಿಗೆ ಸೇರಿದವನು ಮನೆಯ ಅಳಿಯನಾಗುವಂತಿರಲಿಲ್ಲ. ನಾನು ಎಷ್ಟು ಚೆನ್ನಾಗಿ ಕಲಿಸಿದರೆ ಕಮಲಾಕರ ಅಷ್ಟೂ ನನ್ನ ಕೈತಪ್ಪಿ ಹೋಗುತ್ತಾನೆ. ನಿಯಮದ ವಿಷಯ ಅವನಿಗೆ ಹೇಳಿದರೆ ಇಂಟರ್ವ್ಯೂಗೇ ಬರುವುದಿಲ್ಲ, ಗಲ್ಲಾದಲ್ಲಿ ಕೂತುಬಿಡುತ್ತಾನೆ. ಅವನು ಕೇಸು ಹೇಳುವಾಗ ಸುಂಡಲ್ ಮಾರುವವನೂ ತಟ್ಟೆ ಇಳಿಸಿ ನಿಲ್ಲುತ್ತಿದ್ದ. ಅಂಥ ಬಾಯಿ ಚಿಲ್ಲರೆ ಎಣಿಸುತ್ತಾ ಕೂರಬೇಕೇ? ನಾನು ಹೇಳಲಿಲ್ಲ. ಸೆರಗು ಬಿಗಿದು ಇನ್ನಷ್ಟು ಚೆನ್ನಾಗಿ ಕಲಿಸಿದೆ.

ಇಂಟರ್ವ್ಯೂ ಭಾನುವಾರ ಬೆಳಿಗ್ಗೆ. ನಾನು ಪರದೆಯ ಹಿಂದೆ ನಿಂತಿದ್ದೆ. ಅಪ್ಪ ನಸ್ಯ ಏರಿಸುತ್ತಾ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ನೆಲದ ಮೇಲೆ ಎಲೆಯಡಿಕೆ ತಟ್ಟೆಯ ಮುಂದೆ ಕೂತು ಆಗಲೇ ಆಕಳಿಸಲು ತಯಾರಾಗಿದ್ದರು.

ಕಮಲಾಕರ ಕಟ್ಟು ಓದಿ ಮುಗಿಸಿ ಅತ್ತೆಯ ಎದುರು ನೆಲದ ಮೇಲೇ ಕೂತ. “ಅಮ್ಮಾ, ಈ ಕೇಸಿನಲ್ಲಿ ಒಬ್ರು ಹೆಂಗಸು ಇದ್ದಾರೆ. ಮದುವೆಯಾಗಿ ಬಂದಾಗಿನಿಂದ ಒಂದೇ ಬಾವಿಯ ನೀರು ಸೇದಿದವರು. ಗಂಡ ಹೋದ ಮೇಲೆ ಮೈದುನ ಬಾವಿ ಕಟ್ಟೆಗೆ ಬೇಲಿ ಹಾಕಿದ.”

ಅತ್ತೆಯ ಬಾಯಿ ಮುಚ್ಚಿತು. “ನೀರಿಗೆ ಬೇಲಿಯಾ! ಅವನ ಮನೆ ಹಾಳಾಗ!”

“ಈಗ ಮೈದುನನ ಪರವಾಗಿ ಹೇಳಿ” ಎಂದರು ಅಪ್ಪ.

ಅವನು ಅದನ್ನೂ ಹೇಳಿದ. ಮೈದುನ ಸಾಲ ಮಾಡಿ ತೋಡಿಸಿದ ಬಾವಿ, ಬೇಸಗೆಯಲ್ಲಿ ಒಣಗಿದ ಅವನ ತೆಂಗು, ಕೇಳದೆ ನೀರು ತಿರುಗಿಸಿಕೊಂಡ ಅಣ್ಣನ ಮಕ್ಕಳು. ಅತ್ತೆ ಗಲ್ಲದ ಮೇಲೆ ಕೈಯಿಟ್ಟು, “ಹಾಗಾದ್ರೆ ಅವನದ್ದೂ ಪೂರ್ತಿ ತಪ್ಪಲ್ಲ ಮಾರಾಯ” ಎಂದರು. ಅಪ್ಪ ಜೋರಾಗಿ ನಕ್ಕರು. ನನಗೆ ಹಿಗ್ಗು, ಅಳು ಒಟ್ಟಿಗೇ ಬಂತು.

ಆಗ ಕಮಲಾಕರ ಎಡಗೈ ಮೇಲೆ ಬಲಗೈ ತಟ್ಟಿ, “ಮುಗೀತು!” ಎಂದುಬಿಟ್ಟ.

ಅಪ್ಪನ ನಗು ನಿಂತಿತು. ಅವನ ಕೈ ನೋಡಿದರು, ಆಮೇಲೆ ಪರದೆ ನೋಡಿದರು. ಅಷ್ಟು ವರ್ಷ ಸಾಕ್ಷಿಗಳ ಮುಖ ಓದಿದವರಿಗೆ ಮಗಳ ಕೈ ತಿಳಿಯದೇ?

“ಜಾಗ ನಿಮ್ಮದೇ” ಎಂದರು ನಿಧಾನವಾಗಿ. “ಒಂದು ಮಾತು. ನನ್ನ ಆಫೀಸಿನಲ್ಲಿ ಸಂಬಂಧಿಕರಿಗೆ ಜಾಗ ಇಲ್ಲ. ಈಗ ಸಂಬಂಧಿಕ ಆದವನಿಗೂ ಇಲ್ಲ, ಮುಂದೆ ಆಗ್ಬೇಕು ಅಂತ ಇರುವವನಿಗೂ ಇಲ್ಲ. ಒಪ್ಪಿಗೆಯಾ?”

ಕಮಲಾಕರ ಎದ್ದು ನಿಂತ. “ಹಾಗಾದ್ರೆ ಬೇಡ ಸರ್.”

“ಎಂತ?”

“ಈ ಜಾಗ ಬೇಡ. ಮುಂದೆ ಆಗ್ಬೇಕು ಅಂತ ಇದ್ದೇನೆ.”

ಅತ್ತೆಯ ಕೈಯಿಂದ ಅಡಕತ್ತರಿ ಬಿತ್ತು. ನನಗೆ ಎಲ್ಲಿತ್ತೋ ಸಿಟ್ಟು! ಪರದೆ ಸರಿಸಿ ಹೊರಗೆ ಬಂದೇಬಿಟ್ಟೆ.

“ಯಾರನ್ನು ಕೇಳಿ ಬೇಡ ಅಂದ್ರಿ? ನಾನು ಬೀಚಿನಲ್ಲಿ ಗಂಟಲು ಹರ್ಕೊಂಡದ್ದು ಇದಕ್ಕಾ? ನನ್ನನ್ನು ಒಂದು ಮಾತು ಕೇಳಿದ್ದೀರಾ?”

“ಕೇಳುವ ಮೊದಲು ಇಲ್ಲಿ ಸೇರಿದ್ರೆ, ಮತ್ತೆ ಕೇಳುವ ಹಾಗೇ ಇಲ್ವಲ್ಲ” ಎಂದ, ತಣ್ಣಗೆ. ಕಿವಿ ಮಾತ್ರ ಕೆಂಪಾಗಿತ್ತು.

ವಾದ ಸರಿಯಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

“ಹಾಗಾದ್ರೆ ಕೇಳಿ” ಎಂದೆ. “ನನಗೋಸ್ಕರ ಗಲ್ಲಾದಲ್ಲಿ ಕೂತವರು ನನಗೆ ಬೇಡ. ಬೇರೆ ಆಫೀಸು ಹುಡ್ಕಿ. ಸಿಕ್ಕದೆ ಈ ಕಡೆ ಬರ್ಬೇಡಿ.”

“ಸಿಕ್ಕಿದ್ರೆ?”

“ಸಿಕ್ಕಿದ ಮೇಲೆ ಬನ್ನಿ, ಹೇಳ್ತೇನೆ.”

ಅವನು ಅಪ್ಪನಿಗೆ ಕೈಮುಗಿದು, ಅತ್ತೆಯ ಅಡಕತ್ತರಿ ಎತ್ತಿಕೊಟ್ಟು ಹೊರಟುಹೋದ. ಅಪ್ಪ ನನ್ನನ್ನು ಗದರಿಸಲಿಲ್ಲ. “ಹುಡುಗ ಚೆನ್ನಾಗಿ ಹೇಳಿದ” ಎಂದಷ್ಟೇ ಹೇಳಿ ಪೇಪರು ಬಿಡಿಸಿದರು. ಪೇಪರು ತಲೆಕೆಳಗಾಗಿತ್ತು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಮರೀನಾದ ಕಡೆ ನೋಡುವುದನ್ನೇ ಬಿಟ್ಟೆ. ಸುಮತಿ ಸುಂಡಲ್ ತಂದುಕೊಟ್ಟರೆ ಅವಳ ಕೈಗೇ ತಿರುಗಿ ಕೊಡುತ್ತಿದ್ದೆ. ದೊಡ್ಡ ಬಾಯಿ ಮಾಡಿ ಕಳಿಸಿದವಳು ನಾನೇ, ಅಳುವವಳೂ ನಾನೇ. ಆದರೂ ಅವನು ಬಂದೇ ಬರುತ್ತಾನೆಂದು ನನಗೆ ಗೊತ್ತಿತ್ತು. ಕಲಿಸಿದವಳು ನಾನಲ್ಲವೇ?

ಬಂದ. ತಿಂಗಳ ಕೊನೆಗೆ, ಸಂಜೆ, ಅಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, ನಾನು ಪಕ್ಕದಲ್ಲಿ ಕೂತಿರುವಾಗ.

“ಆರ್ಮೇನಿಯನ್ ಸ್ಟ್ರೀಟಿನಲ್ಲಿ ಸೇರಿದೆ ಸರ್” ಎಂದು ಒಂದು ಫರ್ಮಿನ ಹೆಸರು ಹೇಳಿದ. ಅಪ್ಪನ ಲೋಟ ಅರ್ಧದಲ್ಲೇ ನಿಂತಿತು. ಹೈಕೋರ್ಟಿನಲ್ಲಿ ಅಪ್ಪನಿಗೆ ಸದಾ ಎದುರು ನಿಲ್ಲುತ್ತಿದ್ದವರು ಅವರು.

“ಅವರು ಹೇಗೆ ತಕ್ಕೊಂಡ್ರು ನಿಮ್ಮನ್ನು?”

“ಒಂದು ಕಟ್ಟು ಕೊಟ್ಟು, ಸಂಗತಿ ಹೇಳು ಅಂದ್ರು. ಅದ್ರಲ್ಲಿದ್ದ ಹೆಂಗಸಿನಿಂದ ಶುರುಮಾಡಿದೆ. ಇಷ್ಟು ದಿನ ಈ ಕೇಸಿನಲ್ಲಿ ಹೆಂಗಸು ಇದ್ದದ್ದೇ ನನಗೆ ಗೊತ್ತಿರ್ಲಿಲ್ಲ, ನಾಳೆಯಿಂದ ಬಾ ಅಂದ್ರು.”

ಅಪ್ಪ ಉಳಿದ ಕಾಫಿ ಕುಡಿದು ಮುಗಿಸಿದರು. ಮೀಸೆಯಡಿಯಲ್ಲಿ ನಗು ಹೊರಳುತ್ತಿತ್ತು. “ಎದುರು ಪಕ್ಷದವನಿಗೆ ಮಗಳನ್ನು ಕೊಡ್ಬಾರ್ದು ಅಂತ ನಾನು ನಿಯಮ ಮಾಡ್ಲಿಲ್ಲ. ಮಾಡ್ಬೇಕಿತ್ತು” ಎಂದು ಲೋಟ ಹಿಡಿದು ಎದ್ದರು. “ಆದ್ರೆ ತೀರ್ಪು ನನ್ನದಲ್ಲ. ಅವಳನ್ನು ಕೇಳಿ.” ಒಳಗೆ ಹೋದರು.

ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಸುಮತಿಯ ಬೆನ್ನೂ ಇರಲಿಲ್ಲ.

“ಈಗ ಕೇಳ್ಬಹುದಾ?” ಎಂದ.

“ಮೊದಲು ನಾನೊಂದು ಹೇಳ್ಬೇಕು. ಅಪ್ಪನ ಆ ನಿಯಮ ನನಗೆ ಮೊದಲೇ ಗೊತ್ತಿತ್ತು.”

ಅವನ ಮುಖದ ನಗು ಮೆಲ್ಲಗೆ ಆರಿತು. “ಗೊತ್ತಿದ್ದೂ ಕಲಿಸಿದ್ರಾ? ನಾನು ಸೇರಿದ್ರೆ ನಮ್ಮದು ಆಗೂದಿಲ್ಲ ಅಂತ ಗೊತ್ತಿದ್ದೂ?”

“ನಿಮಗೆ ಗೌನು ಸಿಗ್ಬೇಕಿತ್ತು” ಎಂದೆ.

ಅತ್ತೆಯನ್ನೂ ಅಪ್ಪನನ್ನೂ ಆರ್ಮೇನಿಯನ್ ಸ್ಟ್ರೀಟನ್ನೂ ಗೆದ್ದ ಆ ಬಾಯಿ ತೆರೆಯಿತು, ಮುಚ್ಚಿತು. ಏನೂ ಹೊರಡಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು. ಬೀಚಿನಲ್ಲಿ ಅರ್ಧಕ್ಕೇ ನಿಂತಿದ್ದ ಕೈ ಈ ಸಲ ಪೂರ್ತಿ ಬಂದು ನನ್ನ ಕೈ ಹಿಡಿಯಿತು.

“ಮಾತು ಬರೂದಿಲ್ವಾ ವಕೀಲರೇ?” ಎಂದೆ.

ಅವನು ಇಲ್ಲವೆಂದು ತಲೆಯಾಡಿಸಿದ.

“ಪರವಾಯಿಲ್ಲೆ. ನಾನೇ ಹೇಳ್ತೇನೆ ಕೇಳಿ. ನನಗೂ ನೀವೇ ಬೇಕು.”