ಕಾಣೆಯಾದ ವಾಕ್ಯದ ಹಲಗೆಗಳು

ಶುಕ್ರವಾರ ಬೆಳಿಗ್ಗೆ ಆರನೇ ತರಗತಿಯ ಬೀರು ತೆರೆದ ಶಿಕ್ಷಕಿ ಕೋಮಲ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಹಲಗೆಗಳಿಲ್ಲ! ಕರ್ತೃಪದಕ್ಕೆ ಕೆಂಪು, ಕ್ರಿಯಾಪದಕ್ಕೆ ಹಸಿರು, ಕರ್ಮಪದಕ್ಕೆ ಹಳದಿ ಎಂದು ಬೇಸಿಗೆ ರಜೆಯಿಡೀ ಕೂತು ಬಣ್ಣ ಬಳಿದ ಹಲಗೆಗಳು. ಮಕ್ಕಳು ಒಂದೊಂದನ್ನು ಎದೆಗೆ ಹಿಡಿದು ಸಾಲಾಗಿ ನಿಂತರೆ ಸಾಕು, ಇಂಗ್ಲಿಷ್ ವಾಕ್ಯವೇ ಎದ್ದು ನಿಂತಂತಾಗುತ್ತಿತ್ತು. ಅದನ್ನು ನೋಡಲೆಂದೇ ಅಂದು ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು.

ಬೀರುವಿನ ಬೀಗ ಒಡೆದಿರಲಿಲ್ಲ. ಅದರ ಕೀಲಿ ಹೆಡ್‌ಮಾಸ್ಟರ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ಬಂಡಳ್ಳಿಯಿಂದ ಒಳಗೆ ಹೋಗುವ ರಸ್ತೆಯಲ್ಲಿರುವ ಆ ಪುಟ್ಟ ಊರಿನ ಶಾಲೆಯಲ್ಲಿ ಅದನ್ನು ಯಾರು ಬೇಕಾದರೂ ತೆಗೆಯಬಹುದಿತ್ತು.

"ನೆನ್ನೆ ಸಾಯಂಕಾಲ ಭವ್ಯ ಒಬ್ಬಳೇ ವಾಪಸ್ ಬಂದಿದ್ಲು ಕಣ್ ಮಿಸ್," ಎಂದಳು ಅಡುಗೆಯ ರೂಪ.

ಅಷ್ಟು ಸಾಕಾಯಿತು ನಮ್ಮ ಕೋಮಲಳಿಗೆ. ಹಿಂದಿನ ದಿನ ಹಸಿರು ಹಲಗೆ ಹಿಡಿದ ಭವ್ಯ ಸಾಲಿನ ಕೊನೆಗೆ ಹೋಗಿ ನಿಂತಿದ್ದಳು. "ಕ್ರಿಯಾಪದ ಕೊನೆಗೆ ತಾನೇ ಮಿಸ್ ಬರೋದು?" ಎಂದಿದ್ದಳು ಪಾಪ, ಕನ್ನಡದ ಲೆಕ್ಕದಲ್ಲಿ. "ಇಂಗ್ಲಿಷಲ್ಲಿ ನಡುವೆ ಬರುತ್ತೆ ಅಂತ ಎಷ್ಟು ಸಲ ಹೇಳಬೇಕು? ತಲೆಯಲ್ಲಿ ಮೆದುಳಿದೆಯೋ ಮಣ್ಣಿದೆಯೋ?" ಎಂದು ಕೋಮಲ ರೇಗಿದ್ದಳು. ತರಗತಿಯೆಲ್ಲ ನಕ್ಕಿತ್ತು. ಆ ಸಿಟ್ಟಿಗೇ ಹುಡುಗಿ ಈ ಕೆಲಸ ಮಾಡಿದ್ದಾಳೆ, ಇನ್ನೇನು! ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲರ ಎದುರಿಗೇ, "ಕಳ್ಳಿ! ಎಲ್ಲಿಟ್ಟಿದ್ದೀಯ ಹೇಳು," ಎಂದು ಅಬ್ಬರಿಸಿದಳು.

"ತಟ್ಟೆ ಮರ್ತೋಗಿದ್ದೆ ಮಿಸ್, ಅದ್ಕೆ ಬಂದಿದ್ದೆ," ಎಂದಿತು ಮಗು. ಯಾರು ಕೇಳುತ್ತಾರೆ? ಹಲಗೆಗಳಿಲ್ಲವೆಂದು ತಿಳಿದು ಅಧಿಕಾರಿಯ ಭೇಟಿಯೂ ಮುಂದಕ್ಕೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಅವಳಪ್ಪ ನಾಗರಾಜು ಬಂದು ನಿಂತ. "ನನ್ ಮಗಳ ಕಳ್ಳಿ ಅಂದ ಸ್ಕೂಲು ನಂಗೆ ಬ್ಯಾಡ. ಭಾನುವಾರ ಮಾರ್ಟಳ್ಳಿಲಿರೋ ಅವಳ ಸೋದರತ್ತೆ ಮನೆಗೆ ಬುಟ್ಬುಟ್ಟು ಬತ್ತೀನಿ. ಓದಿದ್ದು ಸಾಕು," ಎಂದ. ಅವನ ಬೆನ್ನ ಹಿಂದೆ ನಿಂತ ಭವ್ಯಳ ಮುಖ ಅತ್ತು ಅತ್ತು ಊದಿಕೊಂಡಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪು ಮಾಡಿಬಿಟ್ಟೆನೇ ಎಂಬ ಅಳುಕಿನಲ್ಲಿ ಕೋಮಲ ಕೊಳ್ಳೇಗಾಲಕ್ಕೆ ಫೋನು ಮಾಡಿದಳು.

ಕೊಳ್ಳೇಗಾಲದಲ್ಲಿದ್ದದ್ದು ಕೋಮಲಳ ಸೋದರತ್ತೆ ವೀರಮ್ಮ. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಸುತ್ತಲಿನ ಊರುಗಳಲ್ಲಿ ಕೋಳಿ ಕಳೆದರೂ, ಕೊಪ್ಪರಿಗೆ ಕಳೆದರೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಮುಂದಿನ ಬಸ್ಸಿಗೇ ವೀರಮ್ಮ ಬಂದಿಳಿದಳು. ಎಲ್ಲ ಕೇಳಿಸಿಕೊಂಡು ಮೊದಲು ಹೋದದ್ದು ಅಡುಗೆಮನೆಗೆ.

"ಮಗು ವಾಪಸ್ ಓಗೋವಾಗ ಕೈಲಿ ಏನಿತ್ತವ್ವ ರೂಪ?"

"ತಟ್ಟೆ ಕಣಕ್ಕ. ಇನ್ನೇನಿರ್ತದೆ? ಕುಣಕಂಡು ಓಯ್ತು."

"ಇದ್ನ ಯಾಕೆ ಮಿಸ್ಸಿಗೆ ಏಳ್ಲಿಲ್ಲ?"

"ಅವ್ರು ಕೇಳ್ಳಿಲ್ವಲ್ಲ!"

ಕೋಮಲ ತಲೆ ತಗ್ಗಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಆಮೇಲೆ ವೀರಮ್ಮ ಹೆಡ್‌ಮಾಸ್ಟರ್ ಕುಮಾರಸ್ವಾಮಿಯವರನ್ನು ಮಾತಿಗೆಳೆದಳು. ಅವರು ಆ ಊರಿನವರೇ, ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ ಇದ್ದವರು. "ನೆನ್ನೆ ಮಕ್ಕಳ ಜೊತೆನೇ ಮನೆಗೆ ಓದೆ ಕಣಮ್ಮ. ಕತ್ತಲಾಗೋವರ್ಗೂ ಹುಳಕ್ಕೆ ಸೊಪ್ಪು ಹಾಕೋದೇ ಆಯ್ತು," ಎಂದರು.

ಅವರ ಮನೆಯಂಗಳದಲ್ಲಿ ಹೆಂಡತಿ ಯಶೋದ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ವೀರಮ್ಮ ಅವಳ ಹೊಸ ಸೀರೆ ಹೊಗಳಿದಳು. "ನೆನ್ನೆ ಹುಳ ಜ್ವರಕ್ಕೆ ಕೂತಿದ್ವಲ್ಲಕ್ಕ, ಬಿಡುವು ಸಿಕ್ತು, ಕೊಳ್ಳೇಗಾಲಕ್ಕೋಗಿ ತಕಂಡು ಬಂದೆ. ಇವತ್ತು ಎದ್ದವೆ ನೋಡಿ, ಸೊಪ್ಪು ಕುಯ್ದು ಕುಯ್ದು ಕೈ ಬಿದ್ದೋಗವೆ," ಎಂದಳು ಆಕೆ.

"ಹುಳದ ಮನೆ ಒಂಚೂರು ನೋಡ್ಬೋದಾ?"

"ಅಯ್ಯೋ, ಹೊರಗ್ನೋರು ಕಾಲಿಡಂಗಿಲ್ಲ ಕಣಕ್ಕ, ಹುಳಕ್ಕೆ ರೋಗ ತಗಲ್ತದೆ."

ವೀರಮ್ಮ ನಕ್ಕು ಹಿಂದಿರುಗಿದಳು. ದಾರಿಯಲ್ಲಿ ಕೋಮಲಳನ್ನು ಕೇಳಿದ್ದು ಒಂದೇ ಮಾತು: "ನಿಮ್ ಹೆಡ್‌ಮಾಸ್ಟ್ರು ಆ ಹಲಗೆ ಮುಟ್ಟಿ ಪಾಠ ಮಾಡಿದ್ದುಂಟಾ?" ಕೋಮಲ ನೆನಪಿಸಿಕೊಂಡಳು. ಒಮ್ಮೆ ಯಾವುದೋ ಮಗು, ಹಳದಿ ಎಲ್ಲಿ ನಿಲ್ಲಬೇಕು ಸಾ ಎಂದು ಕೇಳಿದ್ದಕ್ಕೆ ಅವರು, ನಿಮ್ಮ ಮಿಸ್ಸನ್ನೇ ಕೇಳು ಹೋಗು ಎಂದು ಸರಸರ ನಡೆದುಬಿಟ್ಟಿದ್ದರು.

ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ವೀರಮ್ಮ ಎಲ್ಲರನ್ನೂ ಆರನೇ ತರಗತಿಯಲ್ಲಿ ಕೂರಿಸಿದಳು. ನಾಗರಾಜು ಮಗಳ ಕೈ ಹಿಡಿದುಕೊಂಡೇ ಬಾಗಿಲಲ್ಲಿ ನಿಂತ.

"ಒಂದೊಂದು ಹಲಗೆನೂ ಮಗೀನ ಎದೆಯಗಲ. ತಟ್ಟೆ ಹಿಡ್ಕಂಡು ಕುಣಕಂಡು ಹೋದ ಹುಡುಗಿ ಅವನ್ನ ಎಲ್ಲಿ ಬಚ್ಚಿಡ್ತಾಳೆ? ಅವಳ್ನ ಬುಟ್ಬುಡಿ," ಎಂದು ವೀರಮ್ಮ ಹೆಡ್‌ಮಾಸ್ಟರತ್ತ ತಿರುಗಿದಳು. "ಹುಳಕ್ಕೆ ಸೊಪ್ಪು ಹಾಕ್ತಿದ್ದೆ ಅಂದ್ರಲ್ಲ ಸಾ. ಜ್ವರಕ್ಕೆ ಕೂತ ಹುಳ ಪೊರೆ ಬಿಡೋವರ್ಗೂ ತಲೆ ಎತ್ಕಂಡು ಸುಮ್ನಿರ್ತದೆ, ಒಂದೆಲೆ ಮುಟ್ಟಲ್ಲ. ಗುರುವಾರ ಜ್ವರಕ್ಕೆ ಕೂತಿದ್ವು ಅಂತ ಯಶೋದವ್ವನೇ ಅಂದ್ರು. ಮತ್ತೆ ನೀವು ಸೊಪ್ಪು ಹಾಕಿದ್ದು ಯಾವ ಹುಳಕ್ಕೆ?"

ಕುಮಾರಸ್ವಾಮಿಯವರ ಮುಖ ಸುಣ್ಣದಂತಾಯಿತು.

"ಮನೆಲಿ ಹೆಂಡ್ತಿ ಇಲ್ಲ. ಬೇರೆಯೋರು ಕಾಲಿಡಬಾರದ ಕೋಣೆ. ಹುಳ ಹಣ್ಣಾಗಿ ಗೂಡು ಕಟ್ಟೋವರ್ಗೂ ಚಂದ್ರಿಕೆಗಳ್ನ ಯಾರೂ ಮುಟ್ಟಲ್ಲ. ಯಶೋದವ್ವ, ಗೋಡೆಗೆ ಒರಗ್ಸಿರ್ತೀರಲ್ಲ, ಆ ಗೂಡು ಕಟ್ಸೋ ತಟ್ಟೆಗಳ ಹಿಂದೆ ಒಸಿ ನೋಡ್ಕಂಡು ಬರ್ತೀರಾ?"

"ಬ್ಯಾಡ," ಎಂದರು ಹೆಡ್‌ಮಾಸ್ಟರು. "ಅಲ್ಲೇ ಅವೆ."

ಆಮೇಲೆ ಅವರ ಬಾಯಿಂದ ಮಾತು ತುಂಡುತುಂಡಾಗಿ ಬಂತು. ಅಧಿಕಾರಿಯ ಮುಂದೆ ಪ್ರತಿಯೊಬ್ಬ ಶಿಕ್ಷಕರೂ ಹಲಗೆ ಹಿಡಿದು ಪಾಠ ಮಾಡಬೇಕೆಂದು ಆದೇಶ ಬಂದಿತ್ತು. "ಇಷ್ಟ್ ವರ್ಷ ಇಂಗ್ಲಿಷ್ನ ಬಾಯಿಪಾಠ ಮಾಡ್ಸಿದ್ದೀನಿ ಅಷ್ಟೆ. ಯಾವ್ದು ಕರ್ತೃ, ಯಾವ್ದು ಕರ್ಮ, ನಂಗೇ ತಿಳೀದು. ಮಕ್ಕಳ ಮುಂದೆ ಮಾನ ಓಯ್ತದೆ ಅಂತ... ಮಗೂಗೆ ಮಿಸ್ಸು ಬಯ್ಯೋವಾಗ ಹೇಳ್ಬುಡಾಣ ಅನ್ಕಂಡೆ, ನಾಲಗೆ ಏಳ್ಲಿಲ್ಲ."

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಮೇಷ್ಟ್ರೆ," ಎಂದ ನಾಗರಾಜು. ಅವರು ಅವನಿಗೆ ಕೈಮುಗಿದರು.

ಕೋಮಲ ಭವ್ಯಳ ಮುಂದೆ ಮಂಡಿಯೂರಿದಳು. "ತಪ್ಪಾಯ್ತು ಕಂದ. ನೀನು ನಿಜ ಹೇಳಿದೆ, ನಾನು ಕೇಳಲಿಲ್ಲ," ಎಂದು ಅತ್ತೇಬಿಟ್ಟಳು. ಭವ್ಯ ಅಪ್ಪನ ಮುಖ ನೋಡಿದಳು. ನಾಗರಾಜು ಮಗಳ ತಲೆ ಸವರಿ, "ಸೋಮವಾರ ಕಳಿಸ್ತೀನಿ," ಎಂದ.

ಸೋಮವಾರ ಅವಳು ಬಂದಳು. ಹಸಿರು ಹಲಗೆ ಕೊಟ್ಟರೆ ಈ ಸಲ ನೇರವಾಗಿ ನಡುವೆ ನಿಂತಳು. ಮಕ್ಕಳು ಚಪ್ಪಾಳೆ ತಟ್ಟಿದರು. ಕೋಮಲಳ ಎದೆಯ ಭಾರ ಅರ್ಧ ಇಳಿಯಿತು. ಸಾಯಂಕಾಲ ಗಂಟೆ ಹೊಡೆದಾಗ ಎಲ್ಲರೂ ಹೋ ಎಂದು ಓಡಿದರೂ ಭವ್ಯ ಮಾತ್ರ ಮೇಜಿನ ಬಳಿ ಬಂದು, ತನ್ನ ಬ್ಯಾಗಿನ ಬಾಯಿ ಬಿಚ್ಚಿ ಅಗಲಿಸಿ ಹಿಡಿದು ನಿಂತಳು.

"ನೋಡ್ಕಳಿ ಮಿಸ್. ಏನೂ ತಕಂಡಿಲ್ಲ."

"ನಾನು ನೋಡಲ್ಲ ಪುಟ್ಟ, ಹೋಗು," ಎಂದಳು ಕೋಮಲ. ಹುಡುಗಿ ಹೋಗಲಿಲ್ಲ. ಮಿಸ್ ನೋಡುವವರೆಗೂ ಹಾಗೇ ನಿಂತಿದ್ದಳು.