ಹೊಂದದ ಮೂವತ್ತೆರಡು ಅಕ್ಷರ

2003ರಲ್ಲಿ ಇಡೀ ಗುಜರಾತಿನಲ್ಲಿ ಲಿನಕ್ಸ್ ಗೊತ್ತಿದ್ದವರು ಎರಡೂವರೆ ಜನ. ಅದರಲ್ಲಿ ಎರಡು ನಾನೇ. ಉಳಿದ ಅರ್ಧ, ಅಹಮದಾಬಾದಿನ ಹೆಡ್ ಆಫೀಸಿನಿಂದ ನಮ್ಮ ವಡೋದರಾ ಆಫೀಸಿಗೆ ಬಂದ ಸುಮತಿ ಅಂದುಕೊಂಡಿದ್ದೆ.

"ಜಯತೀರ್ಥ ಅಂದ್ರೆ ನೀವಾ? ನಿಮ್ಮ ಸಾಫ್ಟ್‌ವೇರ್ ಪ್ಯಾಕೇಜ್ ಎಂತ ಮಾರಾಯ್ರೆ, ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಥರ ಬರ್ತದೆ!"

"ಕಲಾವಿದನ ಕೈಯಿಂದ ಎರಡು ಸಲ ಒಂದೇ ಚಿತ್ರ ಬರ್ತದೇನ್ರೀ?"

ನಗಲಿಲ್ಲ. ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು, ಅಷ್ಟೆ. ನನ್ನ ಎದೆ ಸೂರತ್‌ವರೆಗೂ ಕೇಳುವಂತೆ ಬಡಿದುಕೊಂಡಿತು.

ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದಕ್ಕೆ ನಮ್ಮ ಸಾಫ್ಟ್‌ವೇರ್ ಹೋಗಬೇಕಿತ್ತು. ಅವರದು ಒಂದೇ ಷರತ್ತು: ಒಂದೇ ಕೋಡನ್ನು ಎರಡು ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿದರೂ ಪ್ಯಾಕೇಜು ಕೂದಲೆಳೆಯಷ್ಟೂ ಬದಲಾಗಬಾರದು. ಎರಡನ್ನೂ ಹೊಂದಿಸುವ ಜವಾಬ್ದಾರಿ ಸುಮತಿಯದು; ಹೊಂದಿದ ದಿನ ಅವಳು ವಾಪಸ್ ಅಹಮದಾಬಾದಿಗೆ.

ದಿನಾ ಸಂಜೆ ಎದುರುಬದುರು ಕೂತು ನಮ್ಮ ನಮ್ಮ ಕಂಪ್ಯೂಟರಿನ ಚೆಕ್‌ಸಮ್ ಓದುತ್ತಿದ್ದೆವು. ಪ್ಯಾಕೇಜಿನ ಹೆಬ್ಬೆಟ್ಟಿನ ಗುರುತಿನಂಥ ಮೂವತ್ತೆರಡು ಅಕ್ಷರ.

"ಏಳು."

"ಏಳು."

"ಬಿ."

"ನಾಲ್ಕು."

ಅಲ್ಲಿಗೆ ಮುಗಿಯಿತು. ಅವಳು ತುಟಿ ಕಚ್ಚುವಳು, ನಾನು ಚಹಾ ತರಿಸುವೆ.

ಕಾರಣ ನನಗೆ ಮೂರನೇ ದಿನವೇ ಸಿಕ್ಕಿತ್ತು. ಪ್ಯಾಕೇಜು ಕಟ್ಟಲು ನಾನು ಬರೆದ ಪ್ರೋಗ್ರಾಂ, ಡಿಸ್ಕ್ ಕೊಟ್ಟ ಕ್ರಮದಲ್ಲೇ ಫೈಲುಗಳನ್ನು ತುಂಬುತ್ತಿತ್ತು. ಒಂದೊಂದು ಡಿಸ್ಕಿನದು ಒಂದೊಂದು ಕ್ರಮ. ಹೆಸರಿನ ಪ್ರಕಾರ ಜೋಡಿಸಲು ಒಂದೇ ಸಾಲು ಸಾಕು. ಭೂಮಂಡಲದಲ್ಲಿ ಇನ್ಯಾರಿಗೂ ಹೊಳೆಯದ ಸಾಲು! ಹೊಳೆದರೂ ನಾನು ಬರೆಯಲಿಲ್ಲ. ಹತ್ತೊಂಬತ್ತು ದಿನ.

ಇಪ್ಪತ್ತೆರಡನೇ ದಿನ ಹೆಡ್ ಆಫೀಸಿನಿಂದ ಸುಮತಿಗೆ ಫೋನು. "ಸರಿ ಸರ್" ಅಂತ ಹನ್ನೊಂದು ಸಲ ಅಂದು ಇಟ್ಟಳು.

"ಶುಕ್ರವಾರದೊಳಗೆ ಆಗದಿದ್ರೆ ನನ್ನನ್ನು ಕೆಲಸದಿಂದ ತೆಗೀತಾರಂತೆ."

ಅಳಲಿಲ್ಲ. ಮುಖ ಆಫ್ ಮಾಡಿದ ಮಾನಿಟರಿನ ಹಾಗಿತ್ತು. ನನಗೂ ಏನೂ ಅನ್ನಿಸಲಿಲ್ಲ. ಕೈ ತಾನಾಗಿಯೇ ಆ ಸಾಲನ್ನು ಟೈಪ್ ಮಾಡಿತು.

ಅಂದು ಓದು ನಿಲ್ಲಲೇ ಇಲ್ಲ. ಇಪ್ಪತ್ತು ದಾಟುವಾಗ ಅವಳ ದನಿ ನಿಧಾನವಾಯಿತು. ಮೂವತ್ತೆರಡೂ ಹೊಂದಿದವು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮೂರನೇ ದಿನ."

"ಮತ್ತೆ ಹೇಳ್ಲಿಲ್ಲ ಎಂತಕ್ಕೆ?"

ಎಲ್ಲಕ್ಕೂ ಹತ್ತುಪಟ್ಟು ಸೇರಿಸುವ ನನ್ನ ನಾಲಿಗೆಗೆ ಮೂರೇ ಪದ ಸಿಕ್ಕಿದವು.

"ನೀವು ಹೋಗಬಾರದು ಅಂತ."

ಅವಳು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. "ಕೆಲಸದ ಲಾಗ್‌ನಲ್ಲಿ ನಿಮಗೆ ಗೊತ್ತಾದ ನಿಜವಾದ ತಾರೀಖು ಹಾಕಿ ಬರೀರಿ. ತಪ್ಪು ಯಾರದ್ದು ಅಂತ ಅಹಮದಾಬಾದಿಗೂ ಗೊತ್ತಾಗ್ಲಿ."

ಬರೆದೆ. ಅವಳ ಕೆಲಸ ಉಳಿಯಿತು, ನನ್ನ ಬಡ್ತಿ ಹೋಯಿತು.

ಸ್ಟೇಷನ್ನಿನಲ್ಲಿ ಅವಳ ಬ್ಯಾಗು ರೈಲಿಗೆ ಹತ್ತಿಸಿಕೊಟ್ಟೆ. "ಒಂದಿಷ್ಟು ಬೈದಾದ್ರೂ ಹೋಗ್ರೀ," ಅಂದೆ.

"ಎಂತದೂ ಅನ್ನಿಸ್ತಿಲ್ಲ ಮಾರಾಯ್ರೆ. ಸಿಟ್ಟೂ ಇಲ್ಲ."

ಐದು ವಾರ ಉಂಡೆ, ಕೆಲಸ ಮಾಡಿದೆ, ಮಂಜಲ್‌ಪುರದ ನನ್ನ ರೂಮಿನಲ್ಲಿ ಮಲಗಿದೆ. ಯಾರಿಗೂ ಒಂದು ಬುರುಡೆಯನ್ನೂ ಬಿಡಲಿಲ್ಲ.

ಆರನೇ ಭಾನುವಾರ ಬೆಳಿಗ್ಗೆ ಫೋನು. ಹಲೋ ಅನ್ನಲೂ ಬಿಡದೆ ಶುರುಮಾಡಿದಳು. ಕಳ್ಳ ಅಂದಳು, ಸ್ವಾರ್ಥಿ ಅಂದಳು, ಹತ್ತೊಂಬತ್ತು ದಿನದ ನಿದ್ದೆ ವಾಪಸ್ ಕೊಡಿ ಅಂದಳು. ನಡುವೆ ಅಳು ಬಂತು, ಅಳುತ್ತಲೇ ಬೈದಳು.

ನಾನು ಗೋಡೆಗೊರಗಿ ನೆಲದ ಮೇಲೆ ಕೂತೆ. "ಇನ್ನೂ ಬೈರಿ ಸುಮತಿ," ಅಂದೆ.

"ಫೋನಿನಲ್ಲಿ ಮುಗಿಯುದಿಲ್ಲ ಅದು," ಅಂದಳು. "ಹನ್ನೊಂದೂವರೆಗೆ ಇಲ್ಲಿಗೆ ಒಂದು ರೈಲುಂಟು. ಹತ್ತಿ."