ಮೂವತ್ತೊಂದನೇ ನಂಬರಿನವರು

ಪುಟ್ಟ ಆಸ್ಪತ್ರೆಯ ಮೂಲೆಯಲ್ಲಿ ಕೂತು ಅವಳು ಮೂವತ್ತೊಂದನೇ ನಂಬರಿನವರಿಗೆ ಫೋನ್ ಮಾಡಿದಳು.

ರಿಂಗಾದದ್ದು ಎದುರಿನ ಔಷಧಿ ಕೌಂಟರಿನಲ್ಲಿ!

ಅವಳು ಕಟ್ ಮಾಡಿದಳು. ಅಲ್ಲೂ ನಿಂತಿತು. ಜೇಬು ಒತ್ತಿಹಿಡಿದ ಫಾರ್ಮಸಿಸ್ಟ್‌ನ ಮುಖ ಬಿಳಿಚಿಹೋಗಿತ್ತು.

ಅಯ್ಯೋ... ಇವರಾ?

ಆತಂಕ, ಖಿನ್ನತೆ ಅಂತ ಬಂದವರಿಗೆ ಅಲ್ಲಿನ ಡಾಕ್ಟರು ಮೊಬೈಲಿನಲ್ಲೇ ಮನಸ್ಸಿನ ಚಿಕಿತ್ಸೆ ಕೊಡಿಸುತ್ತಿದ್ದರು. ಎಂಟು ವಾರ, ಎಂಟು ಪಾಠ. ಅದರಿಂದ ನಿಜವಾಗಿ ಗುಣವಾಗುತ್ತಿದೆಯೇ ಎಂದು ಅಳೆಯುವುದು ಅವಳ ಕೆಲಸ. ಪಟ್ಟಿಯಲ್ಲಿ ಹೆಸರಿಲ್ಲ, ಬರೀ ನಂಬರು. ಮೂವತ್ತೊಂದು ನಾಲ್ಕನೇ ಪಾಠಕ್ಕೇ ನಿಂತುಬಿಟ್ಟಿತ್ತು.

ಮೂರು ವಾರದಿಂದ ದಿನಾ ನಗುನಗುತ್ತಾ ಅವಳಿಗೆ ಚಹಾ ತಂದಿಡುತ್ತಿದ್ದ ಮನುಷ್ಯ! ಅವನ ಹೆಜ್ಜೆ ಸದ್ದಿಗೆ ಅವಳ ಎದೆ ಹಾರುವುದು ಅವಳಿಗೆ ಮಾತ್ರ ಗೊತ್ತಿತ್ತು.

"ಯಾರಿಗೂ ಹೇಳ್ಬೇಡಿ... ನಮ್ಮಕ್ಕಂಗೂ ಗೊತ್ತಿಲ್ಲ," ಎಂದ ಅವಳ ಬಳಿ ಬಂದು, ಮೆಲ್ಲಗೆ.

"ಪಾಠ ಯಾಕೆ ಬಿಟ್ರಿ?"

"ಅಳ್ತಾ ಉತ್ತರ ಒತ್ತಿದ್ರೂ 'ತುಂಬಾ ಚೆನ್ನಾಗಿ ಮಾಡಿದ್ದೀರಿ' ಅನ್ನುತ್ತೆ ರೀ ಅದು!"

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

ಅವತ್ತೇ ಅವಳು ತನ್ನ ಮೇಲಧಿಕಾರಿ ಮೇಡಂಗೆ ಹೇಳಿ ಮೂವತ್ತೊಂದರ ಫೈಲನ್ನು ಬೇರೆಯವರಿಗೆ ಕೊಡಿಸಿದಳು.

ಮರುದಿನ ಅವನಿಗೆ ಬೇರೊಬ್ಬರ ಫೋನ್ ಹೋಯಿತು. ಚಹಾ ನಿಂತಿತು. ಅವನು ತಲೆ ಎತ್ತಿಯೂ ನೋಡಲಿಲ್ಲ. ನನ್ನಿಂದ ಅವನಿಗೆ ಏನಾದರೂ ಹೆಚ್ಚುಕಮ್ಮಿಯಾದರೆ...? ವಾರವಿಡೀ ಅವಳು ಕೌಂಟರಿನ ಕಡೆ ನೋಡುತ್ತಲೇ ಇದ್ದಳು.

ಗುರುವಾರ ಕೌಂಟರಿನಲ್ಲಿ ಅವನಿರಲಿಲ್ಲ!

"ವರ್ಗಾವಣೆ ಕೇಳಿದಾನಂತೆ ಕಣಮ್ಮ. ಸ್ಟೋರಲ್ಲಿದಾನೆ ನೋಡು," ಎಂದರು ಹಿರಿಯ ನರ್ಸ್.

ಅವಳು ಓಡಿದಳು. ಔಷಧಿ ಡಬ್ಬಗಳ ನಡುವೆ ಅವನು ಚೀಟಿ ಅಂಟಿಸುತ್ತಿದ್ದ.

"ನನ್ನಿಂದಾನಾ?"

"ನೀವೇ ನನ್ನನ್ನ ಬೇರೆಯವರ ಕೈಗೆ ದಾಟಿಸಿದ್ರಲ್ಲ. ನನ್ನ ಕಂಡ್ರೆ ನಿಮ್ಗೆ ಅಸಹ್ಯ ಆಗಿರುತ್ತೆ, ಬಿಡಿ."

"ಅಸಹ್ಯಾನಾ?!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಪ್ರತಿ ಫೈಲಿಗೂ ನಾನೊಂದು ಫಾರಂಗೆ ಸಹಿ ಹಾಕ್ಬೇಕು. 'ಈ ವ್ಯಕ್ತಿಯಲ್ಲಿ ನನಗೆ ಸ್ವಂತ ಆಸಕ್ತಿ ಇಲ್ಲ' ಅಂತ. ನಿಮ್ಮದಕ್ಕೆ... ಹಾಕಕ್ಕಾಗ್ಲಿಲ್ಲ ರೀ!"

ಅವನ ಕೈಯಲ್ಲಿದ್ದ ಚೀಟಿ ಅಂಗಿಗೇ ಅಂಟಿಕೊಂಡಿತು.

"ಅಂದ್ರೆ... ಆಸಕ್ತಿ ಇದೆಯಾ?"

"ತುಂಬಾ."

"ನಂಗೆ ಗುಣ ಆಗದಿದ್ರೆ?"

"ಗೊತ್ತಿಲ್ಲ. ನಂಗೂ ಭಯ ಆಗ್ತಿದೆ."

'ತುಂಬಾ ಚೆನ್ನಾಗಿ ಮಾಡಿದ್ದೀರಿ' ಎನ್ನದ ಆ ಉತ್ತರಕ್ಕೆ ಅವನು ದೀರ್ಘವಾಗಿ ಉಸಿರು ಬಿಟ್ಟ. ಸ್ಟೂಲ್ ಎಳೆದು ಅವಳ ಮುಂದಿಟ್ಟ.

"ಐದನೇ ಪಾಠ ತೆಗೀತೀನಿ. ಪಕ್ಕದಲ್ಲಿರಿ, ಸಾಕು. ಆದ್ರೆ ಇಣುಕಬಾರ್ದು!"

ಅವಳು ನಗುತ್ತಾ ಗೋಡೆಯ ಕಡೆ ತಿರುಗಿ ಕೂತಳು. ಬೆನ್ನ ಹಿಂದೆ ಅವನ ಬೆರಳು ಮೊಬೈಲಿನ ಮೇಲೆ ಸರಿಯುತ್ತಿತ್ತು... ನಿಲ್ಲುತ್ತಿತ್ತು... ಮತ್ತೆ ಸರಿಯುತ್ತಿತ್ತು.

"ಇದ್ದೀರಾ?"

"ಇದ್ದೀನಿ."